ಮಾತಾಡದ ಕಂಪೈಲರ್

ಅಮೆರಿಕದ ಡುಲೂತ್ ಊರಿನ ಶಾಲಾ ಬಸ್ಸನ್ನು ಹಿಮದಲ್ಲೂ ಜಾರದಂತೆ ಓಡಿಸಿದ್ದ ಆರ್ಡಿಸ್ ಲಿಂಡ್‌ಕ್ವಿಸ್ಟಳಿಗೆ ಮಂಡಿ ಕೈಕೊಟ್ಟಿತ್ತು. ಇನ್ನು ತಲೆಯೇ ಕೈಹಿಡಿಯಬೇಕು. ಕಾಲೇಜಿನ ಸಂಜೆ ತರಗತಿಯಲ್ಲಿ ಕೋಡ್ ಬರೆಯಲು ಕಲಿತರೆ, ಬಸ್ಸುಗಳ ದಾರಿ ಗೊತ್ತುಮಾಡುವ ಕುಳಿತ ಕೆಲಸ ಅವಳಿಗೇ ಎಂದು ಡಿಪೋದವರು ಹೇಳಿದ್ದರು. ಆದರೆ ಅಲ್ಲಿ ಪಾಠ ಹೇಳುವ ಟ್ರಾನ್ ಮೇಡಂ ಕಟ್ಟುನಿಟ್ಟು. ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರ್ ಬಿಟ್ಟಿಯಾಗಿ ಸಿಗುತ್ತದೆ, ನಿಮ್ಮ ನಿಮ್ಮ ಕಂಪ್ಯೂಟರಿಗೆ ನೀವೇ ಹಾಕಿಕೊಳ್ಳಿ. ಗುರುವಾರ ಸಂಜೆ ಮೊದಲ ಪ್ರೋಗ್ರಾಂ ಓಡದವರ ಕುರ್ಚಿ, ಸೀಟಿಗಾಗಿ ಹೊರಗೆ ಕಾಯುತ್ತಿರುವವರಿಗೆ, ಎಂದುಬಿಟ್ಟಿದ್ದರು.

ಗುರುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್, ಪಕ್ಕದಲ್ಲಿ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್‌ನ ಪಾತ್ರೆ, ಅದರಾಚೆ ತಮ್ಮ ವರ್ನನ್. ಅಕ್ಕನಿಗೆ ಸಹಾಯ ಮಾಡಲು ಬಂದವನು, ಸದ್ಯಕ್ಕೆ ಆಲೂಗಡ್ಡೆಗೆ ಸಹಾಯ ಮಾಡುತ್ತಿದ್ದ.

"ಹುಷಾರು ಅಕ್ಕ. ಈ ಊರಲ್ಲಿ ಬಿಟ್ಟಿ ಸಿಗೋದು ಹಿಮ ಒಂದೇ. ಅದನ್ನೂ ನಾವೇ ಎತ್ತಿಹಾಕ್ಬೇಕು."

ಆ ಮಾತು ಕೇಳಿ, ಕಂಪೈಲರ್ ಹಾಕುವಾಗ ಎದುರಾದ ಪುಟ್ಟ ಚೌಕಕ್ಕೆ, ಒಪ್ಪಿದರೆ ಎಲ್ಲಿ ದುಡ್ಡು ಕೇಳುತ್ತದೋ ಎಂದು, ಅವಳು ಗುರುತು ಹಾಕಲಿಲ್ಲ. ಮುಗಿಯಿತು ಎಂದಿತು ಯಂತ್ರ. ಏನು ಮುಗಿಯಿತು? ಪರದೆಯ ಮೇಲೆ ಹೊಸ ಚಿತ್ರವಿಲ್ಲ, ಏನೂ ತೆರೆಯಲಿಲ್ಲ. ಬಂದ ನೆಂಟ ಕಣ್ಣಿಗೇ ಬೀಳದಿದ್ದರೆ ಕಾಫಿ ಕೊಡುವುದು ಯಾರಿಗೆ? ತೆಗೆದು ಮತ್ತೆ ಹಾಕಿದಳು. ಮತ್ತೆ ಮುಗಿಯಿತು, ಮತ್ತೆ ಏನೂ ಇಲ್ಲ. ಫೋನು ಮಾಡಿದರೆ ಮೇಡಂ, ಕಂಪೈಲರಿಗೆ ಮುಖವಿರುವುದಿಲ್ಲ, ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಹೆಸರು ಹಿಡಿದು ಕರೆಯಬೇಕು ಎಂದರು. ಕರೆದಳು. ಆ ಹೆಸರಿನವರು ಇಲ್ಲಿಲ್ಲ ಎಂಬ ಉತ್ತರವನ್ನು ವರ್ನನ್ ಡಿಪೋದ ಟೆಲಿಫೋನ್ ಹೆಂಗಸಿನ ಮೂಗುದನಿಯಲ್ಲಿ ಓದಿ ತೋರಿಸಿದ. ಮತ್ತೆ ಫೋನು. ಕಂಪೈಲರಿನ ವಿಳಾಸವನ್ನು ಯಂತ್ರಕ್ಕೆ ತಿಳಿಸುವುದೇ ಆ ಚೌಕವಂತೆ. ತಮ್ಮನನ್ನು ದುರುಗುಟ್ಟಿ ನೋಡಿ, ಗುರುತು ಹಾಕಿ, ಮೊದಲಿನಿಂದ ಶುರುಮಾಡಿದಳು.

ಮೇಡಂ ಕೊಟ್ಟಿದ್ದ ಪ್ರೋಗ್ರಾಂ ಬರೆದು ಕಂಪೈಲರನ್ನು ಕರೆದಳು. ಈ ಸಲ ಬೈಗುಳವೂ ಇಲ್ಲ, ಶಹಭಾಸೂ ಇಲ್ಲ. ಕೆಳಗಿನ ಸಾಲಿನಲ್ಲಿ ಬರೀ ಒಂದು ಗೆರೆ ಮಿಟಿಮಿಟಿ ಎನ್ನುತ್ತಿತ್ತು. ಮತ್ತೆ ಕರೆದರೂ ಅಷ್ಟೇ. ಕುರ್ಚಿ ಹೋಯಿತು ಎಂದುಕೊಂಡಳು. ಆ ಸಿಟ್ಟು, ಮತ್ತೆ ಬಡಿಸಿಕೊಳ್ಳುತ್ತಿದ್ದ ತಮ್ಮನ ಮೇಲೆ ತಿರುಗಿತು.

"ಅಷ್ಟು ತಿಂದ್ಯಲ್ಲ, ಹೇಗಿದೆ ಅಂತ ಒಂದು ಮಾತು ಹೇಳಿದ್ಯೇನೋ?"

ವರ್ನನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೆಟ್ಟಿದ್ರೆ ಹೇಳ್ತಿದ್ನಲ್ಲಕ್ಕ."

ಆರ್ಡಿಸ್ ತಟ್ಟನೆ ಪರದೆಯ ಕಡೆ ತಿರುಗಿದಳು. ಬೇಕೆಂದೇ ಒಂದು ಅಕ್ಷರ ಅಳಿಸಿ ಕಂಪೈಲರನ್ನು ಕರೆದಳು. ಅದು ಕಿಟಕಿ ತುಂಬ ಅರಚಿತು. ಅಕ್ಷರ ವಾಪಸ್ಸು ಹಾಕಿದಳು, ಗಪ್‌ಚುಪ್. ಹಾಗಾದರೆ ಇದೂ ನಮ್ಮೂರ ಗಂಡಸೇ! ಹುಡುಕಿದರೆ ಪ್ರೋಗ್ರಾಂ ಸದ್ದಿಲ್ಲದೆ ತಯಾರಾಗಿ ಕೂತಿತ್ತು. ಓಡಿಸಿದಳು. 'ಹಲೋ' ಎಂದಿತು.

"ಇಷ್ಟು ಹೇಳೋಕಾ ಮಧ್ಯಾಹ್ನವಿಡೀ?" ಎಂದ ವರ್ನನ್.

ಸಂಜೆ ಅವಳು ಲ್ಯಾಪ್‌ಟಾಪ್ ತೆರೆದಿಟ್ಟು, ಕೋಟು ತೆಗೆಯದೆಯೇ ತರಗತಿಯಲ್ಲಿ ಕೂತಳು. ಹೊರಗೆ ಕಳಿಸಿದರೆ ಎದ್ದುಹೋಗಲು ಸಲೀಸು. ಮೇಡಂ ಬಂದು ಪರದೆಯ ಮೇಲಿನ 'ಹಲೋ' ನೋಡಿದರು. ಏನೂ ಹೇಳದೆ ಮುಂದಿನ ಮೇಜಿಗೆ ಹೋದರು. ಪಾಸೋ, ಫೇಲೋ? ಕೇಳಲು ಬಾಯಿ ತೆರೆದ ಆರ್ಡಿಸ್ ಹಾಗೇ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಕಾದು ಕೋಟು ಬಿಚ್ಚಿ, ಕುರ್ಚಿಯ ಬೆನ್ನಿಗೆ ತೂಗುಹಾಕಿದಳು.