ಹಸಿರು ಚುಕ್ಕೆ

ಪರದೆಯ ಮೇಲೊಂದು ಹಸಿರು ಚುಕ್ಕೆ. ಇವತ್ತಿಗೂ ಅಂಥದ್ದು ಕಂಡರೆ ನನ್ನ ಕೈ ಅರೆಗಳಿಗೆ ತಡೆಯುತ್ತದೆ.

ಅಂಗಡಿಗಳ ವ್ಯವಹಾರಕ್ಕೆ ತಳಹದಿಯಾಗುವ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಮ್ಮದು. ಹೊರಗಿನವರು ಅದರ ಮೇಲೆ ತಮ್ಮ ಕೆಲಸ ಕಟ್ಟಿಕೊಳ್ಳುತ್ತಿದ್ದರು. ಯಾವ ಇಂಟರ್‌ಫೇಸನ್ನು, ಎಂದರೆ ನಮ್ಮ ಸಾಫ್ಟ್‌ವೇರಿಗೆ ಸೇರುವ ಕೊಂಡಿಯನ್ನು, ಅವರೇ ಬರೆದುಕೊಳ್ಳಬಹುದು, ಯಾವುದನ್ನು ಬರಿದೇ ಬಳಸಬೇಕು ಎಂದು ಕೈಪಿಡಿಯಲ್ಲಿ ಗುರುತಿಸುವುದು ನನ್ನ ಪಾಲಿನ ಕೆಲಸ. ಕೆಂಪೆಂದರೆ ಬರೆಯಬೇಡಿ. ಹಸಿರೆಂದರೆ ಮಾತು ಕೊಟ್ಟಂತೆ: ಬರೆದುಕೊಳ್ಳಿ, ನಾವು ಇದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಸೇರಿಸಿದರೆ ಅವರು ಬರೆದದ್ದು ನಿಂತುಹೋಗುತ್ತದೆ. ಸಂಜೆ ಕಾಲೇಜಿನಲ್ಲಿ ಕಲಿತವಳು ನಾನು. ಕೋಡ್ ಬರೆದ ಧನಪಾಲ ಸರ್ ಅವರನ್ನು ಕೇಳದೆ ಒಂದು ಚುಕ್ಕೆಯನ್ನೂ ಇಡುತ್ತಿರಲಿಲ್ಲ.

"ತಕ್ಕಡಿಯ ಇಂಟರ್‌ಫೇಸ್ ಹಸಿರು, ಖಂಡಿತ ತಾನೇ ಸರ್?"

"ಎಷ್ಟು ಸಲ ಕೇಳ್ತೀಯ ಮಾರಾಯ್ತಿ! ಮದುವೆ ಗಂಡನ್ನೂ ಇಷ್ಟು ವಿಚಾರಿಸ್ಲಿಕ್ಕಿಲ್ಲ ನೀನು. ಇಡು."

ಇಟ್ಟೆ. ಮೀನು ಮಾರುಕಟ್ಟೆಯ ತಕ್ಕಡಿಗಳನ್ನು ನಮ್ಮ ಸಾಫ್ಟ್‌ವೇರಿಗೆ ಜೋಡಿಸುವ ಕೆಲಸ ಹಿಡಿದಿದ್ದ ಕಾರ್ಮೆಲಿನಕ್ಕ ಫೋನಿನಲ್ಲಿ, "ಹಸಿರು ಅಂದ್ರೆ ಹಸಿರೇ ಅಲ್ವಾ?" ಎಂದಾಗ ಅದೇ ಧೈರ್ಯದಲ್ಲಿ "ಹೌದಕ್ಕ" ಎಂದೆ. ನಾವು ಮುಖ ನೋಡಿದವರಲ್ಲ, ದನಿಯಲ್ಲೇ ಆಪ್ತರಾಗಿದ್ದೆವು.

ಹೊಸ ಆವೃತ್ತಿ ಹೊರಡುವ ಮುನ್ನ ಧನಪಾಲ ಸರ್ ಎದ್ದು ನಿಂತು ಬದಲಾವಣೆಗಳನ್ನೆಲ್ಲ ಗಟ್ಟಿಯಾಗಿ ಓದುವುದು, ನಾವು ಚಹಾ ಹೀರುತ್ತ ಕೇಳುವುದು ವಾಡಿಕೆ. ಅಂದು ಅವರು ತಕ್ಕಡಿಯ ಸುದ್ದಿಯನ್ನೇ ಎತ್ತಲಿಲ್ಲ. ಮರುದಿನ ಮಾರುಕಟ್ಟೆಯ ತಕ್ಕಡಿಗಳು ಸ್ತಬ್ಧವಾದವು. ತೆರೆದು ನೋಡಿದರೆ ತಕ್ಕಡಿಯ ಇಂಟರ್‌ಫೇಸಿಗೆ ಹೊಸದೊಂದು ಫಂಕ್ಷನ್ ಸೇರಿತ್ತು.

"ದೊಡ್ಡ ಗಿರಾಕಿ ಕೇಳಿದ್ರು, ಹಾಕಿದೆ."

"ಓದುವಾಗ ಹೇಳಲಿಲ್ಲ ಸರ್."

"ಹೇಳಿದ್ರೆ ನೀನು ಬಿಡ್ತಿದ್ದೆಯಾ?" ಅವರು ನಕ್ಕರು.

ಅಷ್ಟನ್ನು ನುಂಗಿಕೊಳ್ಳುತ್ತಿದ್ದೆನೇನೋ. ಸಂಜೆ ಕಾರ್ಮೆಲಿನಕ್ಕನ ಫೋನು ಬಂತು. "ಗುತ್ತಿಗೆ ಹೋಯ್ತು. ಅದು ಮೊದಲಿಂದ್ಲೂ ಕೆಂಪಂತೆ, ನೀನೇ ತಪ್ಪಿ ಹಸಿರು ಇಟ್ಟಿದ್ದಂತೆ. ಧನಪಾಲರು ಹೇಳಿದ್ರು. ಹೌದಾ ಮಗಾ?"

ಅಲ್ಲ ಎನ್ನಬೇಕಿತ್ತು. ಆದರೆ ಧನಪಾಲ ಸರ್ ಅಷ್ಟು ನಿಶ್ಚಿಂತೆಯಿಂದ ಹೇಳಿರುವಾಗ, ನಾನು ಕೇಳಿದ್ದು ತಕ್ಕಡಿಯ ಬಗ್ಗೆಯೇ ಹೌದೇ ಎಂದು ನನ್ನ ಮೇಲೇ ನನಗೆ ಗುಮಾನಿ ಹುಟ್ಟಿತು. ನಾನು ನೆನಪು ಕೆದಕುತ್ತಿರುವಾಗಲೇ ಆಕೆ ಫೋನಿಟ್ಟಳು.

ಕೆಲವು ದಿನಗಳ ಮೇಲೆ, ಎಲ್ಲ ಹೇಳಿಬಿಡಬೇಕೆಂದು ಮಾರುಕಟ್ಟೆಗೆ ಹೋದೆ. ಒಬ್ಬಾಕೆ ಬಗ್ಗಿ ತಕ್ಕಡಿಗಳ ವೈರು ಬಿಚ್ಚುತ್ತಿದ್ದಳು.

"ನಿನ್ನ ಪೆಟ್ಟಿಗೆಗಿಂತ ನನ್ನ ಅಂಗೈಯೇ ವಾಸಿ ಕಾರ್ಮೆಲಿನಾ!" ಎಂದು ಮೀನಿನವಳು ಛೇಡಿಸಿದಳು.

"ಯಾರದೋ ಮಾತು ನಂಬಿದೆ, ಅಷ್ಟೆ," ಎಂದಿತು ನಾನು ಬಲ್ಲ ಆ ದನಿ.

"ಎಂತ ಬೇಕಕ್ಕ?" ಮೀನಿನವಳು ನನ್ನತ್ತ ತಿರುಗಿದಳು. ಬಾಯಿ ತೆರೆದರೆ ಕಾರ್ಮೆಲಿನಕ್ಕನಿಗೆ ಗುರುತು ಹತ್ತುತ್ತಿತ್ತು. ಸುಮ್ಮನೆ ಬಂಗುಡೆಯತ್ತ ಕೈ ತೋರಿಸಿದೆ. ಮೂಕಿಯೆಂದುಕೊಂಡಳೇನೋ, ಮೀನಿನವಳು ಮುಖ ಮೆದುಮಾಡಿ, ಬೆಲೆಯನ್ನು ಬೆರಳುಗಳಲ್ಲಿ ತೋರಿಸಿದಳು.