ನಲವತ್ತಮೂರನೆಯ ಪ್ರಶ್ನೆ

೧

ಎಲ್ಲಿಂದ ಶುರುಮಾಡಲಿ? ಒಂದು ಸಾವಿನಿಂದ ಶುರುಮಾಡಿದರೆ ಓದುಗರು ಪುಟ ತಿರುಗಿಸುತ್ತಾರಂತೆ. ಕ್ಷಮಿಸಿ, ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಒಬ್ಬರ ಸೊಂಟದ ಕೆಳಗೆ ಲಿಂಬೆಹಣ್ಣಿನ ಹೋಳಿನಷ್ಟಗಲ ಒಂದು ಹುಣ್ಣಾಗುತ್ತದೆ, ಅಷ್ಟೆ.

ಮೊದಲ ಕರಡಿನಲ್ಲಿ ಬಹಳ ಜಾಣತನ ತೋರಿಸಿದ್ದೆ. ದೆಹಲಿಯಲ್ಲಿ ಹಾಸಿಗೆ ಹಿಡಿದ ಮುದುಕ, ಏಜೆನ್ಸಿ ಕಳಿಸಿದ ಆರೈಕೆಯ ಹೆಂಗಸು, ಬೀರುವಿನಲ್ಲಿ ತೀರಿಹೋದ ಹೆಂಡತಿಯ ಚಿನ್ನದ ಬಳೆ. ಮುಂದಿನದು ನಿಮಗೇ ಗೊತ್ತು. ವಸಂತಿ ನಾಲ್ಕು ಪುಟ ಓದಿ ಹಾಳೆಗಳನ್ನು ವಾಪಸು ನನ್ನ ಕಡೆಗೆ ತಳ್ಳಿದಳು.

"ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಎಲ್ಲರೂ ಮೊದಲು ಕೇಳೋದು ಬಳೆ ಬಗ್ಗೆನೇ. ಬೆನ್ನು ನೋಡಿದ್ರಾ ಅಂತ ಒಬ್ರೂ ಕೇಳಲ್ಲ."

(ವಸಂತಿ ಈ ಕಥೆಯ ನಾಯಕಿ. ಹುಟ್ಟಿಸಿದ್ದು ನಾನೇ. ಆದರೂ ನನ್ನ ಮಾತು ಕೇಳುವುದಿಲ್ಲ.)

೨

ಎರಡನೆಯ ಕರಡಿನಲ್ಲಿ ಆ ಹೆಂಗಸನ್ನು ದೇವತೆ ಮಾಡಿದ್ದೆ. ಅದನ್ನು ವಸಂತಿಗೆ ತೋರಿಸುವ ಧೈರ್ಯವಾಗದೆ ಹರಿದುಹಾಕಿದೆ.

೩

ಸರಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ವಸಂತಿ ದಾವಣಗೆರೆಯವಳು, ನರ್ಸ್ ಆಗಿದ್ದವಳು. ಈಗ ಓಖ್ಲಾದ ಒಂದು ಹೋಮ್ ಕೇರ್ ಏಜೆನ್ಸಿಯಲ್ಲಿ ಅಸೆಸರ್. ಏಜೆನ್ಸಿಯ ಅಟೆಂಡೆಂಟರು ರೋಗಿಗಳನ್ನು ಮನೆಗಳಲ್ಲಿ ಹೇಗೆ ನೋಡಿಕೊಳ್ಳುತ್ತಿದ್ದಾರೆ, ರೋಗಿ ಸುರಕ್ಷಿತವಾಗಿದ್ದಾನೆಯೇ ಎಂದು ಹೋಗಿ ನೋಡಿ ಅಂಕ ಕೊಡುವುದು ಅವಳ ಕೆಲಸ. ಫಾರ್ಮಿನಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಬಹುತೇಕ ಮನೆಗಳಿಗೆ ಯಾರೂ ಹೋಗುತ್ತಿರಲಿಲ್ಲ, ಫೋನಿನಲ್ಲೇ ಟಿಕ್ ಬೀಳುತ್ತಿತ್ತು. ವಸಂತಿ ಮಾತ್ರ ಮೆಟ್ರೋ ಹತ್ತಿ ಹೋಗುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವಳು ಜನಕಪುರಿಯ ಕೇಶವಮೂರ್ತಿಯವರ ಮನೆಗೆ ಹೋದಳು. ಕೇಶವಮೂರ್ತಿ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಆರು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಜೊತೆಗಿದ್ದದ್ದು ಮಗಳು ಅಪೂರ್ವ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಅಮ್ಮನಿಂದ ಬಂದ ಅರೆಬರೆ ಕನ್ನಡ, ಬ್ಯಾಂಕಿನ ಕೆಲಸ.

ಮನೆ ಚೊಕ್ಕಟವಾಗಿತ್ತು. ಮಾತ್ರೆಯ ಡಬ್ಬಿ ಸರಿಯಾಗಿತ್ತು, ಬಿಪಿ ಚಾರ್ಟ್ ತುಂಬಿತ್ತು. ಮೂರು ವಾರದ ಹಿಂದೆ ಬಂದ ಅಟೆಂಡೆಂಟ್ ದೇವಕಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಟಿಕ್, ಟಿಕ್, ಟಿಕ್. ಹಿಂದಿನ ವರದಿಗಳಲ್ಲಿ ರೋಗಿಯ ಅಭಿಪ್ರಾಯ ಎನ್ನುವ ಕಡೆ ಪ್ರತಿ ಸಲವೂ ಒಂದೇ ಮಾತಿತ್ತು: ಪ್ರತಿಕ್ರಿಯೆ ಇಲ್ಲ.

ಅಷ್ಟರಲ್ಲಿ ಹಾಸಿಗೆಯಿಂದ ಒಂದು ದನಿ ಬಂತು. "ಮಗ್ಲು."

ದೇವಕಿ ಓಡಿಹೋಗಿ ಒಂದು ಮಗ್ಗಿನಲ್ಲಿ ನೀರು ತಂದು ಹಿಡಿದಳು. ಕೇಶವಮೂರ್ತಿ ಎಡಗೈಯಿಂದ ಅದನ್ನು ಬೀಸಿ ಹೊಡೆದರು. ನೆಲವೆಲ್ಲ ಒದ್ದೆಯಾಯಿತು.

"ದಿನಾ ಹೀಗೇ ಆಂಟಿ," ಎಂದಳು ಅಪೂರ್ವ. "ಮಗ್ ಲೋ, ಮಗ್ ತಗೋ ಅಂತಾರೆ. ಕೊಟ್ರೆ ಫೇಂಕ್ ದೇತೇ ಹೈ. ಕನ್‌ಫ್ಯೂಶನ್ ಇರತ್ತೆ ಅಂತ ಡಾಕ್ಟರ್ ಹೇಳಿದ್ರು."

ವಸಂತಿಯ ಪೆನ್ನು ನಿಂತಿತು. ಅವಳು ಹೋಗಿ ಮಂಚದ ಅಂಚಿನಲ್ಲಿ ಕೂತಳು.

"ಯಜಮಾನ್ರೇ, ಮಗ್ಗಲು ಬದಲಿಸ್ಬೇಕಾ?"

ಕೇಶವಮೂರ್ತಿ ಆಫೀಸಿಗೆ ತಡವಾಗಿ ಬಂದ ಗುಮಾಸ್ತನನ್ನು ನೋಡುವ ಹಾಗೆ ಅವಳನ್ನು ನೋಡಿದರು. ಆಮೇಲೆ ಹೇಳಿದರು: "ಹೂಂ."

ದೇವಕಿಯೂ ವಸಂತಿಯೂ ಸೇರಿ ಅವರನ್ನು ಎಡಕ್ಕೆ ಹೊರಳಿಸಿದರು. ಹುಣ್ಣು ಕಾಣುವ ಮೊದಲೇ ಅದರ ವಾಸನೆ ಬಂತು.

೪

(ಇಲ್ಲಿ ಅಪೂರ್ವಳಿಗೆ ಒಂದು ಪ್ಯಾರಾ ಕಣ್ಣೀರು ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು. ಅವಳು ಒಪ್ಪಲಿಲ್ಲ. "ನನ್ನನ್ನ ಅಳಿಸ್ಬೇಡಿ ಪ್ಲೀಸ್. ಟೈಮ್ ಇಲ್ಲ." ಗಾಯಕ್ಕೆ ಡಾಕ್ಟರನ್ನು ಕರೆಸಬೇಕಿತ್ತು, ಕರೆಸಿದಳು. ಆಮೇಲೆ ಅಪ್ಪನ ಮಾತುಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಹಿಡಿದು ವಸಂತಿಯ ಎದುರು ಕೂತಳು.)

ಲಕ್ವ ಹೊಡೆದಾಗ ಕೇಶವಮೂರ್ತಿಯವರ ಹಿಂದಿ ಹೋಗಿತ್ತು, ಇಂಗ್ಲಿಷೂ ಹೋಗಿತ್ತು. ಉಳಿದದ್ದು ಮೊದಲು ಕಲಿತ ಭಾಷೆ, ಅದರ ಕೆಲವೇ ಮಾತು. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷಗಳಿಂದ ಆ ಮನೆಯಲ್ಲಿ ಕನ್ನಡ ಆಡುವವರೇ ಇರಲಿಲ್ಲ. ಅಪ್ಪ ಮಗಳು ಹಿಂದಿಯಲ್ಲೇ ಜಗಳವಾಡಿ ಹಿಂದಿಯಲ್ಲೇ ರಾಜಿಯಾಗುತ್ತಿದ್ದರು.

"ಊಟ, ನೀರು, ನೋವು ಎಲ್ಲಾ ಗೊತ್ತು ಆಂಟಿ," ಎಂದಳು ಅಪೂರ್ವ. "ಇದೊಂದು ಗೊತ್ತಿರ್ಲಿಲ್ಲ. ಅಮ್ಮ ಯಾವತ್ತೂ ಯೂಸ್ ಮಾಡಿರ್ಲಿಲ್ಲ."

ವಸಂತಿ ಮತ್ತೆ ಕೇಶವಮೂರ್ತಿಯವರ ಕಡೆ ತಿರುಗಿದಳು. "ಮುಂಚೆ ಯಾರಾದ್ರೂ ಮಗ್ಗಲು ಬದಲಿಸ್ತಿದ್ರಾ?"

"ಫೂಲು," ಎಂದರು ಅವರು.

ಫೂಲ್ಮನಿ ಜಾರ್ಖಂಡಿನ ಗುಮ್ಲಾ ಕಡೆಯವಳು. ದೇವಕಿಗಿಂತ ಮೊದಲು ನಾಲ್ಕು ತಿಂಗಳು ಇಲ್ಲಿದ್ದಳು. ಈಗ ಗುರುಗ್ರಾಮದ ಬೇರೊಂದು ಮನೆಯಲ್ಲಿದ್ದಳು. ಅಟೆಂಡೆಂಟ್ ಒಂದೇ ಮನೆಗೆ ಒಗ್ಗಿಹೋದರೆ ಮನೆಯವರು ಏಜೆನ್ಸಿಯನ್ನು ಬಿಟ್ಟು ನೇರವಾಗಿ ಅವಳನ್ನೇ ಇಟ್ಟುಕೊಂಡಾರು ಎಂಬ ಭಯಕ್ಕೆ ಏಜೆನ್ಸಿ ಎಲ್ಲರನ್ನೂ ಹೀಗೆ ಮನೆ ಬದಲಿಸುತ್ತಿತ್ತು. ವಸಂತಿ ಫೋನ್ ಮಾಡಿ ಆ ಪದದ ಬಗ್ಗೆ ಕೇಳಿದಳು.

"ಮಗ್ಗಲ್ ಅಂದ್ರೆ ಕರವಟ್, ದೀದಿ," ಎಂದಳು ಫೂಲ್ಮನಿ. "ಯಾರೂ ಹೇಳ್ಕೊಡ್ಲಿಲ್ಲ. ಹಾಗಂದಾಗ ಹಾಸಿಗೇನ ಬೆರಳಿಂದ ಕೆರೀತಿದ್ರು, ನೋಡಿ ತಿಳ್ಕೊಂಡೆ. ಹೊಸಬರಿಗೆ ಹೇಳ್ಕೊಡೋಕೆ ಒಂದು ದಿನ ಕೇಳಿದ್ದೆ. ಆಫೀಸ್‌ನೋರು ಕೊಡ್ಲಿಲ್ಲ."

ಫಾರ್ಮಿನ ಕೊನೆಯಲ್ಲಿ ಸ್ವಲ್ಪ ಬಿಳಿ ಜಾಗವಿತ್ತು. ವಸಂತಿ ಅಲ್ಲಿ ಪೆನ್ನಿನಿಂದ ಬರೆದಳು: ೪೩. ರೋಗಿಯನ್ನು ಅವನ ಭಾಷೆಯಲ್ಲಿ ಕೇಳಿದಿರಾ? ಕೇಳಿದಾಗ ಏನು ಹೇಳಿದ? ಕೇಶವಮೂರ್ತಿ ಒಂದೊಂದೇ ಪದವಾಗಿ ಹೇಳಿದ್ದನ್ನು ಕನ್ನಡದಲ್ಲೇ ಇಳಿಸಿಕೊಂಡಳು. ಅವರು ಎಡಗೈಯಲ್ಲಿ ಸಹಿ ಮಾಡಿದರು. ಅಷ್ಟಕ್ಕೆ ಹದಿನೈದು ನಿಮಿಷ ಹಿಡಿಯಿತು. ಒಂದು ಪ್ರತಿಯನ್ನು ಅಪೂರ್ವಳ ಕೈಗೆ ಕೊಟ್ಟು ಹೊರಟಳು.

೫

ಆಪರೇಷನ್ಸ್ ಮ್ಯಾನೇಜರ್ ಸಂದೀಪ್‌ನನ್ನು ಖಳನಾಯಕ ಮಾಡಲು ನನಗೆ ಬಹಳ ಆಸೆಯಿತ್ತು. ಆದರೆ ಅವನು ವಸಂತಿಗೆ ಚಹಾ ತರಿಸಿದ. ಚಹಾ ತರಿಸುವವನನ್ನು ಖಳ ಮಾಡುವುದು ಕಷ್ಟ.

"ರಿಪೋರ್ಟ್ ಚೆನ್ನಾಗಿದೆ, ವಸಂತಿ ಜೀ. ಒಂದೇ ಸಾಲು ಬದಲಾಯಿಸಿ. ಕಾರಣ ಅನ್ನೋ ಕಡೆ ಅಟೆಂಡೆಂಟ್ ನಿರ್ಲಕ್ಷ್ಯ ಅಂತ ಹಾಕಿ. ದೇವಕೀನ ತೆಗೀತೀವಿ. ಕೇಸ್ ಕ್ಲೋಸ್."

"ದೇವಕಿಗೆ ಎಷ್ಟು ದಿನ ಟ್ರೇನಿಂಗ್ ಕೊಟ್ರಿ?"

"ಒಂದು ದಿನ. ಜನ ಎಲ್ಲಿದ್ದಾರೆ?"

"ಹೊಸಬಳಿಗೆ ಹೇಳ್ಕೊಡೋಕೆ ಫೂಲ್ಮನಿ ಕೇಳಿದ ಒಂದು ದಿನ ಯಾಕೆ ಕೊಡ್ಲಿಲ್ಲ?"

ಸಂದೀಪ್ ಕಾಗದ ತಿರುವಿದ. "ಇದೇನು ನಲವತ್ತಮೂರು? ಫಾರ್ಮ್‌ನಲ್ಲಿ ಇಲ್ವಲ್ಲ."

"ಇರ್ಲಿಲ್ಲ. ಅದಕ್ಕೇ ಬರೆದೆ."

"ಯಾವ ಭಾಷೆ ಇದು?"

"ಅವರದು."

"ನನಗೆ ಓದೋಕೆ ಬರಲ್ಲ."

"ಗೊತ್ತು ಸರ್. ಮೂರು ವಾರ ಅವರ ಕಷ್ಟವೂ ಅದೇ ಆಗಿತ್ತು."

ಸಂದೀಪ್ ದನಿ ಇಳಿಸಿದ. ವರದಿಯನ್ನು ಮನೆಯವರಿಗೆ ಕೊಟ್ಟದ್ದು ನಿಯಮಕ್ಕೆ ವಿರುದ್ಧ, ಇದರಿಂದ ತೊಂದರೆಯಾಗಬಹುದು ಎಂದ. ವಸಂತಿ ಮೇಜಿನ ಕೆಳಗೆ ಬೆರಳು ಮಡಿಸಿ ಮನೆ ಬಾಡಿಗೆಯ ಲೆಕ್ಕ ಹಾಕಿದಳು. (ಇದನ್ನು ಬರೆಯಬೇಡಿ ಎಂದಿದ್ದಳು. ಒಂದಾದರೂ ಮಾತು ನನ್ನದು ನಡೆಯಲಿ.) ಆದರೂ ಹೇಳಿದಳು: "ಬೆನ್ನು ಅವರದು. ಆ ಬೆನ್ನಿನ ಬಗ್ಗೆ ಬರೆದದ್ದನ್ನ ಅವರ ಮನೆಗೆ ಕೊಡೋಕೆ ಯಾರ ಪರ್ಮಿಶನ್ ಕೇಳ್ಲಿ? ಸಾಲು ಬದಲಾಯಿಸಲ್ಲ ಸರ್."

ಚಹಾ ಅಲ್ಲೇ ಆರಿತು.

೬

ಅಂತ್ಯ, ಮೊದಲನೆಯದು: ವಸಂತಿ ರಾಜೀನಾಮೆ ಕೊಟ್ಟು ತನ್ನದೇ ಸಂಸ್ಥೆ ತೆರೆಯುತ್ತಾಳೆ. ಓದಿ ಜೋರಾಗಿ ನಕ್ಕಳು.

ಅಂತ್ಯ, ಎರಡನೆಯದು: ಏಜೆನ್ಸಿಗೆ ಬುದ್ಧಿ ಬರುತ್ತದೆ. ಇದಕ್ಕೆ ನಗಲೂ ಇಲ್ಲ.

ನಡೆದದ್ದು ಇಷ್ಟು. ವರದಿಯ ಪ್ರತಿ ಲಗತ್ತಿಸಿ ಅಪೂರ್ವ ಏಜೆನ್ಸಿಗೆ ಬರೆದಳು: ಫೂಲ್ಮನಿ ವಾಪಸು ಬರಬೇಕು, ದೇವಕಿಯನ್ನು ತೆಗೆಯಬಾರದು, ಇಲ್ಲವಾದರೆ ಗ್ರಾಹಕರ ಕೋರ್ಟಿನಲ್ಲಿ ನೋಡೋಣ. ಸೋಮವಾರ ಫೂಲ್ಮನಿ ಬಂದಳು. ದೇವಕಿ ಒಂದು ವಾರ ಅವಳ ಜೊತೆಗಿದ್ದು ಎರಡು ಗಂಟೆಗೊಮ್ಮೆ ಹೊರಳಿಸುವುದನ್ನು, ದಿಂಬು ಕೊಡುವುದನ್ನು ಕಲಿತಳು. ವಸಂತಿಯನ್ನು ಮಾತ್ರ ಮನೆಭೇಟಿಯಿಂದ ತೆಗೆದು ಓಖ್ಲಾದ ಕಂಪ್ಯೂಟರಿನ ಮುಂದೆ ಕೂರಿಸಿದರು. ಪ್ರತಿ ಬೆಳಿಗ್ಗೆ ಪರದೆಯ ಮೇಲೆ ಜನಕಪುರಿಯ ಕೇಸು ಬರುತ್ತದೆ: ಓಪನ್ ಅಥವಾ ಕ್ಲೋಸ್ಡ್, ಒಂದನ್ನು ಒತ್ತಿ. ಕ್ಲೋಸ್ಡ್ ಒತ್ತಿದರೆ ಮತ್ತೆ ಮನೆಭೇಟಿಗೆ ಕಳಿಸುತ್ತೇವೆ ಎಂದು ಸಂದೀಪ್ ಎರಡು ಸಲ ಹೇಳಿದ್ದಾನೆ.

ಇಂದು ಬೆಳಿಗ್ಗೆ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಪತ್ರಿಕೆಯವರು ಕೊಟ್ಟ ಒಂಬೈನೂರು ಪದ ಮುಗಿಯುತ್ತ ಬಂದಿತ್ತು. ಒಂದು ಕೊನೆಯ ಸಾಲು ಕೊಡು ಎಂದು ಬೇಡಿಕೊಂಡೆ. ಅವಳು ಜನಕಪುರಿಗೆ ಫೋನ್ ಮಾಡಿದಳು. ಅಪೂರ್ವ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು: ಸ್ವಲ್ಪ ಕಮ್ಮಿ ಆಗಿದೆ ಆಂಟಿ, ಪೂರಾ ಮುಚ್ಚಿಲ್ಲ.

ವಸಂತಿ ಓಪನ್ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗಾಯ ಮುಚ್ಚಿಲ್ಲ. ನಾನು ಫೈಲ್ ಮುಚ್ಚಿಲ್ಲ. ನಿಮಗೇನ್ರೀ ಅವಸರ?"