ಪಾರ್, ಲ, ರೋಂ

ಕ್ಷೌರದಂಗಡಿಯಲ್ಲಿ ಅಜ್ಜನ ಕತ್ತರಿಗಿಂತ ನಾಲಿಗೆಯೇ ಜೋರಾಗಿ ಓಡುತ್ತಿತ್ತು. ಗಿರಾಕಿಗಳು ಅವರನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಅಂಥವರಿಗೆ ಲಕ್ವ ಹೊಡೆದು ಬಾಯಿ ಕಟ್ಟಿಹೋಯಿತು. ಕೈಕಾಲು ಸುಧಾರಿಸಿತು, ಮಾತು ಮಾತ್ರ ಮರಳಲಿಲ್ಲ. ಮಾತು ಕಲಿಸಲು ಬಂದಾಕೆ “ಅ ಅನ್ನಿ, ಆ ಅನ್ನಿ” ಎಂದರೆ ಮುಖ ತಿರುಗಿಸಿಬಿಡುತ್ತಿದ್ದರು. ಮಗುವಿನ ಹಾಗೆ ನಡೆಸಿಕೊಳ್ಳುವುದು ಅವರಿಗೆ ಸುತರಾಂ ಹಿಡಿಸದು. ಅಜ್ಜಿ ಅವರ ಪಾಲಿನ ಮಾತನ್ನೂ ತಾನೇ ಆಡಿ ಆಡಿ ಸೋತಿದ್ದಳು.

ಮೊಮ್ಮಗಳಿಗೆ ಕಾಲೇಜಿನಲ್ಲಿ ಫ್ರೆಂಚ್. ಉಚ್ಚಾರಣೆಯ ಪರೀಕ್ಷೆ ಹತ್ತಿರ ಬಂದಿತ್ತು. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಕ್ರಿಯಾಪದಗಳನ್ನು ಪೆನ್ಸಿಲ್ ಗೀಟು ಹಾಕಿ ತುಂಡು ಮಾಡಿ, ತುಂಡಿಗೊಮ್ಮೆ ಮೇಜು ತಟ್ಟುತ್ತ ಹೇಳುವಳು: “ನೂ ಪಾರ್-ಲೋಂ. ವೂ ಪಾರ್-ಲೇ. ಇಲ್ ಪಾರ್-ಲಾಂ.”

“ಇಲ್ ಪಾರ್ಲ್,” ಎಂದು ತಿದ್ದಿತು ಮೊಬೈಲಿನ ಪಾಠದಲ್ಲಿದ್ದ ಹೆಂಗಸಿನ ದನಿ.

“ಮತ್ತೆ ಬಾಲ ಸೇರಿಸಿದೆ. ಕೊನೇ ಮೂರಕ್ಷರ ಬರೀಬೇಕು ಅಜ್ಜಿ, ಅನ್ನಬಾರದು,” ಎಂದಳು ಹುಡುಗಿ.

“ಅಕ್ಷರಗಳನ್ನ ಕರೆದು ಕೂರಿಸಿ ಮಾತಾಡಿಸದೆ ಇರೋದಾ? ಅದೆಂಥ ಮರ್ಯಾದೆ?” ಎಂದಳು ಅಜ್ಜಿ, ಈರುಳ್ಳಿ ಹೆಚ್ಚುತ್ತ.

ಮರುದಿನವೂ ಹುಡುಗಿ ಬಾಲ ಸೇರಿಸಿದಳು. ಕಿಟಕಿಯ ಬಳಿ ಕೂತಿದ್ದ ಅಜ್ಜ ತಲೆ ಅಲ್ಲಾಡಿಸಿದರು.

“ತಪ್ಪಾ? ಹಾಗಾದ್ರೆ ನೀವೇ ಹೇಳಿ ಅಜ್ಜ,” ಎಂದು ಅವಳು ಮೇಜು ತಟ್ಟಿದಳು.

ಅಜ್ಜ ತುಟಿ ಕೂಡಿಸಿದರು. ಗಂಟಲ ನರ ಉಬ್ಬಿತು. “ಪಾ… ಪಾರ್ಲ್.”

ತರಕಾರಿ ಹೆಚ್ಚುತ್ತಿದ್ದ ಅಜ್ಜಿಯ ಕೈ ನಿಂತಿತು. “ಇಷ್ಟು ಕಾಲ ಜೊತೆಗೆ ಬಾಳಿದ ನನಗೊಂದು ಮಾತಿಲ್ಲ. ಮೊಬೈಲಿನವಳಿಗೆ ಉತ್ತರ ಕೊಟ್ರು ನೋಡು,” ಎಂದಳು.

ಆಮೇಲೆ ದಿನವೂ ಅಜ್ಜ ಮೊಮ್ಮಗಳು ಇಬ್ಬರದೂ ಒಟ್ಟಿಗೇ ಪಾಠ. ಆ ಭಾಷೆಗೆ ಇಬ್ಬರೂ ಹೊಸಬರು. ತೊದಲಿದರೆ ಯಾರಿಗೂ ನಾಚಿಕೆಯಿಲ್ಲ. ಒಂದು ಸಂಜೆ ಅಜ್ಜ ತಾವೇ ಮೇಜು ತಟ್ಟಿ, “ನೂ ಪಾರ್-ಲ-ರೋಂ” ಎಂದರು.

“ಹಂಗಂದ್ರೆ?” ಅಜ್ಜಿ ಕೇಳಿದಳು.

“ನಾವು ಮುಂದೆ ಮಾತಾಡ್ತೀವಿ ಅಂತ,” ಎಂದಳು ಮೊಮ್ಮಗಳು.

ಅಜ್ಜಿ ಒಲೆಯ ಕಡೆ ತಿರುಗಿಕೊಂಡಳು.

ಹುಡುಗಿ ಕನ್ನಡದ ಮಾತುಗಳಿಗೂ ಅದೇ ಗೀಟು ಹಾಕತೊಡಗಿದಳು: ಕತ್-ತ-ರಿ, ಕನ್-ನ-ಡಿ. ಅಜ್ಜ ಒಂದೊಂದನ್ನೇ ತಟ್ಟಿ ತಟ್ಟಿ ಹೊರಗೆ ತಂದರು. ಪರೀಕ್ಷೆಯಲ್ಲಿ ಅವಳು ಪಾಸಾಗಿ ಬಂದ ದಿನ ಮೂವರೂ ಊಟಕ್ಕೆ ಕೂತರು. ಅಜ್ಜ ಒಂದು ತುತ್ತು ಬಾಯಿಗಿಟ್ಟು, ಬೆರಳಿನಿಂದ ಮೇಜು ತಟ್ಟಿದರು.

“ಉಪ್-ಪು… ಕಮ್-ಮಿ.”

“ಬಾಯಿ ಬಂದದ್ದೇ ತಡ, ನನ್ನ ಅಡುಗೆಗೆ ಹೆಸರಿಡೋಕೆ ಶುರು ಮಾಡಿದ್ರಾ?” ಎಂದು ಅಜ್ಜಿ ರೇಗಿದಳು. ಉಪ್ಪು ತರಲೆಂದು ಒಳಗೆ ಹೋದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬರುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು.